ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ: ಸ್ಟುಟ್‌ಗಾರ್ಟ್‌ಗೆ ಬಂದ ಒಂದು ಕುಟುಂಬದ ಪ್ರಕರಣ

ವಿದೇಶಕ್ಕೆ ಹೋದವರ ಕಷ್ಟ ಅಂದರೆ ಊರಲ್ಲಿರುವವರು ಮೂರು ವಿಷಯ ಕೇಳುತ್ತಾರೆ: ವೀಸಾ, ಚಳಿ, ಊಟ. ಈ ಕುಟುಂಬಕ್ಕೆ ವೀಸಾ ಸಲೀಸಾಗಿ ಸಿಕ್ಕಿತ್ತು. ಮನೆ ಬೆಚ್ಚಗಿತ್ತು. ಸೋನಾ ಮಸೂರಿ, ತೊಗರಿಬೇಳೆ ಎರಡಕ್ಕೂ ಬರ ಇರಲಿಲ್ಲ. ಆದರೂ ಬಂದು ಎರಡು ತಿಂಗಳಾಗುವಷ್ಟರಲ್ಲಿ ಹೆಂಡತಿ ‘ನಾನು ವಾಪಸ್ ಹೋಗ್ತೀನಿ’ ಅಂದಿದ್ದಳು. ಯಾಕೆ ಅಂತ ಕೇಳಿದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ.

ನಾನು ಜರ್ಮನಿಗೆ ಬಂದು ಬಹಳ ಕಾಲವಾಯಿತು. ಹೊಸದಾಗಿ ಬರುವ ಕನ್ನಡದವರಿಗೆ ಪತ್ರ ಓದಿ ಹೇಳುವುದು, ಫಾರ್ಮ್ ತುಂಬಿ ಕೊಡುವುದು, ಇಂಥ ಸಣ್ಣಪುಟ್ಟ ಸಹಾಯ ಮಾಡುತ್ತಿರುತ್ತೇನೆ. ಈ ದಂಪತಿ ಪರಿಚಯವಾದದ್ದೂ ಹಾಗೇ. ಅವರ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಗಂಡ ಬೆಂಗಳೂರಿನಲ್ಲಿ ಕಾರಿನ ಬಿಡಿಭಾಗಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದ. ಸ್ಟುಟ್‌ಗಾರ್ಟ್ ಸುತ್ತಮುತ್ತ ಕಾರಿನ ಉದ್ಯಮ ದೊಡ್ಡದು. ಬೆಂಗಳೂರಿನಲ್ಲಿ ಅದೇ ಕೆಲಸ ಮಾಡುವವರು ಸಾವಿರಾರು ಮಂದಿ ಇದ್ದಾರೆ. ಹಾಗಾಗಿ ಈ ದಾರಿ ಕನ್ನಡದವರಿಗೆ ಹೊಸದೇನಲ್ಲ. ಅವನು 2023ರ ಮಾರ್ಚ್‌ನಲ್ಲಿ ಬ್ಲೂ ಕಾರ್ಡ್ ವೀಸಾದ ಮೇಲೆ, ಅಂದರೆ ಪದವಿ ಓದಿ ಪರಿಣತಿಯ ಕೆಲಸಕ್ಕೆ ಬರುವವರಿಗೆ ಕೊಡುವ ವೀಸಾದ ಮೇಲೆ, ಒಬ್ಬನೇ ಬಂದ. ಮನೆ ಹುಡುಕಿದ. ಆಗಸ್ಟ್‌ನಲ್ಲಿ ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಬಂದರು.

ಆಕೆ ತುಮಕೂರಿನ ಒಂದು ಪಿಯು ಕಾಲೇಜಿನಲ್ಲಿ ಲೆಕ್ಕಶಾಸ್ತ್ರ ಹೇಳಿಕೊಡುತ್ತಿದ್ದಳು. ಬೆಳಿಗ್ಗೆ ಎದ್ದರೆ ತಿಂಡಿ, ಬಸ್ಸು, ಎರಡು ಸೆಕ್ಷನ್ ಹುಡುಗರು, ಸ್ಟಾಫ್ ರೂಮಿನ ಹರಟೆ. ಸಂಜೆ ಬರುವಾಗ ಸೊಪ್ಪಿನವಳ ಜೊತೆ ಚೌಕಾಸಿ. ದಿನಕ್ಕೆ ಏನಿಲ್ಲವೆಂದರೂ ಇನ್ನೂರು ಮುಖ ನೋಡುತ್ತಿದ್ದಳು.

ಬ್ಲೂ ಕಾರ್ಡ್ ಇದ್ದವರ ಗಂಡ ಅಥವಾ ಹೆಂಡತಿಗೆ ವೀಸಾ ಕೊಡುವಾಗ ಜರ್ಮನ್ ಭಾಷೆಯ ಸರ್ಟಿಫಿಕೇಟ್ ಕೇಳುವುದಿಲ್ಲ. ಇಲ್ಲಿಗೆ ಬಂದ ದಿನದಿಂದಲೇ ಕೆಲಸ ಮಾಡುವ ಹಕ್ಕೂ ಇರುತ್ತದೆ. ಕಾಗದದ ಮೇಲೆ ಇದು ದೊಡ್ಡ ಉಪಕಾರ. ನನಗೆ ಮಾತ್ರ ಇದು ಅರ್ಧ ಉಪಕಾರ ಅನ್ನಿಸುತ್ತದೆ. ಬೇರೆ ಕೆಲವು ವೀಸಾದಲ್ಲಿ ಬರುವ ಹೆಂಡತಿಯರು ಎ1 ಪರೀಕ್ಷೆಗೆ, ಅಂದರೆ ಜರ್ಮನ್ ಭಾಷೆಯ ಮೊದಲ ಹಂತದ ಪರೀಕ್ಷೆಗೆ ಅಂತ ಬೈದುಕೊಂಡಾದರೂ ನಾಲ್ಕು ಮಾತು ಕಲಿತು ಬರುತ್ತಾರೆ. ಬ್ಲೂ ಕಾರ್ಡ್ ಮನೆಯವರು ‘ಅಲ್ಲಿ ಹೋದಮೇಲೆ ನೋಡಿಕೊಂಡರಾಯಿತು’ ಅಂತ ಸುಮ್ನೆ ವಿಮಾನ ಹತ್ತುತ್ತಾರೆ. ಈಕೆಯೂ ಹಾಗೇ ಬಂದಳು.

ಮೂರು ಹೆಸರು, ಒಂದು ಅಂಚೆ ಡಬ್ಬ

ಜರ್ಮನಿಯಲ್ಲಿ ಹೊಸ ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ಮನೆ ಮಾಲೀಕರು ಸಹಿ ಮಾಡಿದ ಪತ್ರ ಬೇಕು. ಈ ಒಂದು ನೋಂದಣಿಗೆ ಉಳಿದದ್ದೆಲ್ಲ ಜೋತುಬಿದ್ದಿರುತ್ತದೆ. 11 ಅಂಕಿಯ ತೆರಿಗೆ ಸಂಖ್ಯೆ ಅದರಿಂದಲೇ ಹುಟ್ಟುತ್ತದೆ, ಪುಟ್ಟ ಮಕ್ಕಳಿಗೂ. ವಿಮಾ ಕಾರ್ಡ್ ಆ ವಿಳಾಸಕ್ಕೇ ಬರುತ್ತದೆ. ಬಹುತೇಕ ಎಲ್ಲವೂ ಅಂಚೆಯಲ್ಲಿ, ಕಾಗದದಲ್ಲಿ.

ಇಲ್ಲಿಯೇ ನಮ್ಮ ಕಡೆಯ ಒಂದು ವಿಶೇಷ ಅಡ್ಡ ಬಂತು. ಗಂಡನ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗದಲ್ಲಿ ಅವನ ಊರಿನ ಹೆಸರಿದೆ. ಹೆಂಡತಿಯದರಲ್ಲಿ ಅವಳ ಅಪ್ಪನ ಹೆಸರು. ಮಗಳದರಲ್ಲಿ ಅವಳ ಅಪ್ಪನ, ಅಂದರೆ ಈ ಗಂಡನ ಸ್ವಂತ ಹೆಸರು. ನಮಗೆ ಇದರಲ್ಲಿ ಆಶ್ಚರ್ಯವೇ ಇಲ್ಲ, ಅಲ್ವಾ? ಇಲ್ಲಿಯವರ ಕಣ್ಣಿಗೆ ಮಾತ್ರ ಒಂದೇ ಮನೆಯಲ್ಲಿ ಸಂಬಂಧವಿಲ್ಲದ ಮೂವರು.

ಗಂಡ ಒಬ್ಬನೇ ಇದ್ದಾಗ ಅಂಚೆ ಡಬ್ಬದ ಮೇಲೆ ತನ್ನ ಹೆಸರು ಅಂಟಿಸಿದ್ದ. ಆಮೇಲೆ ಅದನ್ನು ಯಾರೂ ನೋಡಲಿಲ್ಲ. ಜರ್ಮನಿಯಲ್ಲಿ ಫ್ಲಾಟ್‌ಗೆ ನಂಬರ್ ಬರೆಯುವ ರೂಢಿ ಕಡಿಮೆ. ಡಬ್ಬದ ಮೇಲಿನ ಹೆಸರನ್ನು ನೋಡಿಯೇ ಪತ್ರ ಹಾಕುತ್ತಾರೆ. ಹೆಸರು ಇಲ್ಲದಿದ್ದರೆ ಪತ್ರ ವಾಪಸ್. ಹೆಂಡತಿಯ ವಿಮಾ ಕಾರ್ಡ್ ಹೋಯಿತು. ಮಗಳ ತೆರಿಗೆ ಸಂಖ್ಯೆ ಹೋಯಿತು. ಸೆಪ್ಟೆಂಬರ್ ಪೂರ್ತಿ ಅವರು ‘ಇಲ್ಲಿ ಎಲ್ಲಾ ನಿಧಾನ’ ಅಂತ ಬೈದುಕೊಂಡು ಕೂತರು. ನಾನು ಮೊದಲ ಸಲ ಅವರ ಮನೆಗೆ ಹೋದಾಗ ಕೆಳಗೆ ಡಬ್ಬ ನೋಡಿದೆ. ಪೆನ್ನು ತೆಗೆದು ಇನ್ನೆರಡು ಹೆಸರು ಬರೆಸಿದೆ. ಮುಂದಿನ ವಾರದಿಂದ ಪತ್ರಗಳು ಬರತೊಡಗಿದವು. ಅದರ ಜೊತೆಗೆ ಮಾಲೀಕರಿಂದ ಒಂದು ಫೋನೂ ಬಂತು: ಮನೆಯನ್ನು ಇನ್ನಿಬ್ಬರಿಗೆ ಒಳಬಾಡಿಗೆಗೆ ಕೊಟ್ಟಿದ್ದೀರಾ? ಕೆಳಮನೆಯ ಅಜ್ಜಿ ಹೊಸ ಹೆಸರುಗಳನ್ನು ನೋಡಿ ವರದಿ ಒಪ್ಪಿಸಿದ್ದರು. ಆ ಅಜ್ಜಿ ಈ ಪ್ರಕರಣದಲ್ಲಿ ಮತ್ತೆ ಬರುತ್ತಾರೆ.

ಬಂದ ಪತ್ರಗಳಲ್ಲಿ ಒಂದು, ರೇಡಿಯೋ ಮತ್ತು ಟೀವಿ ಶುಲ್ಕದ್ದು. ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ. ಟೀವಿ ಇಲ್ಲದಿದ್ದರೂ ಕಟ್ಟಬೇಕು. ಗಂಡ ಅದನ್ನು ಮೋಸದ ಪತ್ರ ಅಂದುಕೊಂಡು ಹರಿದು ಹಾಕಿದ್ದ. ಬಂದವರಲ್ಲಿ ಅರ್ಧ ಜನ ಹಾಗೇ ಮಾಡುತ್ತಾರೆ, ಆಮೇಲೆ ದಂಡ ಸೇರಿಸಿ ಕಟ್ಟುತ್ತಾರೆ.

ಹೆಸರಿನ ತೊಂದರೆ ಇನ್ನೊಂದು ಕಡೆಯೂ ಕಾಡಿತು. 2020ರ ಮಾರ್ಚ್‌ನಿಂದ ಇಲ್ಲಿ ದಡಾರ ಲಸಿಕೆಯ ಪುರಾವೆ ಇಲ್ಲದೆ ಮಕ್ಕಳನ್ನು ಕಿಂಡರ್‌ಗಾರ್ಟನ್‌ಗೆ ಸೇರಿಸಿಕೊಳ್ಳುವ ಹಾಗಿಲ್ಲ. ಮಗಳಿಗೆ ಎರಡು ಡೋಸ್ ಆಗಿತ್ತು. ಆದರೆ ತಾಯಿ ಕಾರ್ಡಿನ ಮೇಲೆ ಇದ್ದದ್ದು ಮಗುವಿನ ಹೆಸರಲ್ಲ, ‘ಬೇಬಿ ಆಫ್’ ಅಂತ ಬರೆದು ಮುಂದೆ ಅಮ್ಮನ ಹೆಸರು. ನಾಮಕರಣಕ್ಕೆ ಮೊದಲೇ ಕೊಟ್ಟ ಕಾರ್ಡು, ಅದರಲ್ಲಿ ಮಗುವಿನ ಹೆಸರು ಎಲ್ಲಿಂದ ಬರಬೇಕು? ಕೊನೆಗೆ ಮಕ್ಕಳ ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ, ರೋಗನಿರೋಧಕ ಶಕ್ತಿ ಇದೆ ಅಂತ ಬರೆದುಕೊಟ್ಟರು. ಇಲ್ಲಿಗೆ ಬರುವ ಮೊದಲು ಊರಿನ ಆಸ್ಪತ್ರೆಯಲ್ಲಿ ಪಾಸ್‌ಪೋರ್ಟ್‌ನಲ್ಲಿರುವ ಹೆಸರಿನಲ್ಲೇ ಲಸಿಕೆ ಪತ್ರ ಮಾಡಿಸಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಹತ್ತು ನಿಮಿಷದ ಕೆಲಸ.

ನಿಜವಾದ ತೊಂದರೆ

ಕಾಗದದ ಗೋಜಲು ಬಿಡಿಸಿದರೆ ಆಕೆ ಸರಿಹೋಗುತ್ತಾಳೆ ಅಂತ ಗಂಡ ನಂಬಿದ್ದ. ಗೋಜಲು ಬಿಟ್ಟಿತು. ಆಕೆ ಇನ್ನೂ ಕುಗ್ಗಿದಳು. ಹಗಲು ಮಲಗುತ್ತಿದ್ದಳು. ಕಿಟಕಿಯ ಶಟರ್ ಅರ್ಧ ಇಳಿದೇ ಇರುತ್ತಿತ್ತು. ಎದ್ದಾಗಲೆಲ್ಲ ತುಮಕೂರಿಗೆ ವೀಡಿಯೊ ಕಾಲ್. ಮಾತು ಮುಗಿದಮೇಲೂ ಕಾಲ್ ಕಟ್ ಮಾಡುತ್ತಿರಲಿಲ್ಲ. ಅತ್ತ ಅಮ್ಮ ಅಡಿಗೆ ಮಾಡುತ್ತಿದ್ದರೆ ಇತ್ತ ಈಕೆ ಸುಮ್ನೆ ಫೋನ್ ಒರಗಿಸಿಟ್ಟು ಅಡಿಗೆ ಮಾಡುತ್ತಿದ್ದಳು.

ಎಲ್ಲರ ಹತ್ತಿರವೂ ಒಂದೊಂದು ಕಾರಣವಿತ್ತು. ಗಂಡ ‘ಊರಿನ ನೆನಪು’ ಅಂದ. ಅಮ್ಮ ‘ಚಳಿ ಆಗಿಬರ್ತಿಲ್ಲ’ ಅಂದರು. ಅತ್ತೆ ‘ಅಷ್ಟು ಒಳ್ಳೆ ದೇಶದಲ್ಲಿ ಏನಮ್ಮಾ ಕಮ್ಮಿ’ ಅಂದರು. ಆಕೆ ತನ್ನನ್ನು ತಾನೇ ಸೋಮಾರಿ ಅಂತ ಕರೆದುಕೊಂಡಳು.

ಗಂಡ ಗಣೇಶನ ಹಬ್ಬಕ್ಕೆ ಅಂತ ಕನ್ನಡದವರ ಕಾರ್ಯಕ್ರಮವೊಂದಕ್ಕೆ ಕರೆದುಕೊಂಡು ಹೋದ. ಆಕೆ ಸೀರೆ ಉಟ್ಟಳು, ನಕ್ಕಳು, ಬಿಸಿಬೇಳೆಬಾತ್ ಬಡಿಸಿದಳು. ರಾಶಿ ನಂಬರ್‌ಗಳನ್ನು ಸೇವ್ ಮಾಡಿಕೊಂಡಳು. ಗಂಡನಿಗೆ ಸಮಾಧಾನವಾಯಿತು. ಸೋಮವಾರ ಬಂತು. ಆ ನಂಬರ್‌ಗಳವರೆಲ್ಲ ಆಫೀಸಿಗೆ ಹೋದರು.

ನಮ್ಮ ಸಂಘಗಳ ಬಗ್ಗೆ ನನಗೆ ಗೌರವವಿದೆ. ಅವಿಲ್ಲದಿದ್ದರೆ ಎಷ್ಟೋ ಮಕ್ಕಳು ರಾಜ್ಯೋತ್ಸವ ಅಂದರೇನು ಅಂತ ಕೇಳುತ್ತಿದ್ದವು. ಆದರೆ ಸಂಘ ಶನಿವಾರದ್ದು. ಈಕೆಯ ಕಾಯಿಲೆ ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಯದು. ಗಂಡ ಆಫೀಸಿನಲ್ಲಿ, ಊರಲ್ಲಿ ಎಲ್ಲರೂ ಮಧ್ಯಾಹ್ನದ ಊಟ ಮುಗಿಸಿ ನಿದ್ದೆಯಲ್ಲಿ, ಹೊರಗೆ ರಸ್ತೆ ಖಾಲಿ. ಆ ಹೊತ್ತಿಗೆ ಆಕೆಗಾಗಿ ಕಾಯುತ್ತಿರುವವರು ಈ ಊರಿನಲ್ಲಿ ಒಬ್ಬರೂ ಇಲ್ಲ. ಒಂದು ದಿನ ಎದ್ದು ಹೊರಗೆ ಹೋಗದಿದ್ದರೆ ‘ಯಾಕೆ ಬರಲಿಲ್ಲ’ ಅಂತ ಕೇಳುವವರೂ ಇಲ್ಲ. ನನ್ನ ಪ್ರಕಾರ ಈ ಪ್ರಕರಣದ ತಿರುಳು ಇಷ್ಟೇ. ಊರಿನ ನೆನಪು ಇದರ ಫಲ, ಕಾರಣವಲ್ಲ.

ಮೂಲೆಯ ಪುಟ್ಟ ಕುರ್ಚಿ

ಅಕ್ಟೋಬರ್‌ನಲ್ಲಿ ಮಗಳಿಗೆ ಕಿಂಡರ್‌ಗಾರ್ಟನ್‌ನಲ್ಲಿ ಜಾಗ ಸಿಕ್ಕಿತು. ಒಂದು ವರ್ಷ ತುಂಬಿದ ಮಗುವಿಗೆ ಜಾಗ ಪಡೆಯುವ ಹಕ್ಕು ಕಾನೂನಿನಲ್ಲಿ 2013ರಿಂದಲೇ ಇದೆ. ಆದರೆ ಹಕ್ಕು ಬೇರೆ, ಜಾಗ ಬೇರೆ. ಇವರಿಗೆ ಯಾರೋ ಊರು ಬಿಟ್ಟು ಹೋಗಿದ್ದರಿಂದ ಸಿಕ್ಕಿತು.

ಇಲ್ಲಿಯ ಕಿಂಡರ್‌ಗಾರ್ಟನ್‌ಗಳಲ್ಲಿ ಮಗುವನ್ನು ಮೊದಲ ದಿನವೇ ಬಿಟ್ಟು ಹೋಗುವಂತಿಲ್ಲ. ಅದಕ್ಕೊಂದು ಕ್ರಮವಿದೆ. ಬಹಳ ಕಡೆ ಅನುಸರಿಸುವ ಬರ್ಲಿನ್ ಮಾದರಿಯಲ್ಲಿ ಮೊದಲ ಮೂರು ದಿನ ಅಮ್ಮನೋ ಅಪ್ಪನೋ ಮಗುವಿನ ಜೊತೆಗೇ ಒಂದು ಗಂಟೆ ಕೂರಬೇಕು. ನಾಲ್ಕನೇ ದಿನ ಕೆಲವು ನಿಮಿಷ ಮಾತ್ರ ಹೊರಗೆ ಹೋಗಿ ನೋಡಬೇಕು. ಆ ನಾಲ್ಕನೇ ದಿನ ಸೋಮವಾರ ಬಿದ್ದರೆ ಅದನ್ನೂ ಮುಂದೂಡುತ್ತಾರೆ, ವಾರಾಂತ್ಯ ಕಳೆದು ಬಂದ ಮಗುವಿಗೆ ಕಷ್ಟವಾಗುತ್ತದೆ ಅಂತ. ಮಗು ಅತ್ತರೆ, ಸಮಾಧಾನವಾಗದಿದ್ದರೆ ಮತ್ತೆ ಹಿಂದಕ್ಕೆ. ಹೀಗೆ ಎರಡು ಮೂರು ವಾರ. ನಮ್ಮ ಊರಿನಲ್ಲಿ ಅಳುವ ಮಗುವನ್ನು ಗೇಟಿನೊಳಗೆ ತಳ್ಳಿ ಓಡಿ ಬರುವುದನ್ನು ನೋಡಿದವರಿಗೆ ಇದು ಅತಿ ಅನ್ನಿಸಬಹುದು. ಗಂಡನಿಗೂ ಅನ್ನಿಸಿತು. ಅವನಿಗೆ ರಜೆ ಇರಲಿಲ್ಲ, ಹಾಗಾಗಿ ಆಕೆ ಹೋದಳು.

ಅಲ್ಲಿ ಆಕೆಗೆ ಮೂಲೆಯಲ್ಲಿ ಮಕ್ಕಳ ಅಳತೆಯ ಒಂದು ಕುರ್ಚಿ ಕೊಟ್ಟರು. ಆಟಕ್ಕೆ ಸೇರಬೇಡಿ, ಸುಮ್ಮನೆ ಕೂತಿರಿ, ಮಗು ಹತ್ತಿರ ಬಂದರೆ ಸೇರಿಸಿಕೊಳ್ಳಿ ಅಂದರು. ಬೇರೆ ಕೆಲಸವಿರಲಿಲ್ಲ. ಕೇಳುತ್ತಾ ಕೂತಳು. ಮಕ್ಕಳಿಗೆ ಟೀಚರ್ ದಿನವೂ ಅದೇ ಇಪ್ಪತ್ತು ವಾಕ್ಯ ಹೇಳುತ್ತಿದ್ದರು. ಬಾ. ಕೂತುಕೋ. ಕೈ ತೊಳೆದೆಯಾ. ಎತ್ತಿಡು. ಅದು ಅವಳದು, ಕೊಡು. ಶೂ ಹಾಕಿಕೋ. ಹೇಳಿದ್ದೂ ನಡೆದದ್ದೂ ಕಣ್ಣ ಮುಂದೆಯೇ ಇರುವಾಗ ಅರ್ಥ ಹೇಳಿಕೊಡುವವರು ಬೇಕಿರಲಿಲ್ಲ. ಒಬ್ಬ ಹುಡುಗ ಬಂದು ಆಕೆಯ ಬಳೆಗಳನ್ನು ಎಣಿಸಿದ. ಏಳರ ತನಕ ಸರಿಯಾಗಿ ಎಣಿಸಿದ. ಎಂಟನ್ನು ಬಿಟ್ಟು ಒಂಬತ್ತು ಅಂದಾಗ ಆಕೆ ಎಂಟು ಅಂತ ಜರ್ಮನ್‌ನಲ್ಲೇ ತಿದ್ದಿದಳು. ಮೇಡಂ ಅಲ್ಲವಾ, ಸುಮ್ಮನಿರಲಾಗಲಿಲ್ಲ.

ಮಗಳು ಎರಡನೇ ವಾರಕ್ಕೇ ಸಲೀಸಾದಳು. ಟೀಚರ್ ‘ಇನ್ನು ನೀವು ಬರಬೇಕಿಲ್ಲ’ ಅಂದರು. ಆ ಮಧ್ಯಾಹ್ನ ಆಕೆ ನನಗೆ ಫೋನ್ ಮಾಡಿ ಕೇಳಿದ ಪ್ರಶ್ನೆ ನನಗೆ ಮುಖ್ಯ ಅನ್ನಿಸಿತು: ‘ಮಗುವಿಗೆ ಇಷ್ಟೆಲ್ಲ ಯೋಚನೆ ಮಾಡಿದಾರಲ್ಲ, ನನ್ನಂಥವರಿಗೆ ಏನೂ ಇಲ್ವಾ?’

ಇದೆ, ಹುಡುಕಿಕೊಂಡು ಹೋಗಬೇಕು. ಸರ್ಕಾರದ ಇಂಟಿಗ್ರೇಷನ್ ಕೋರ್ಸ್ ಅಂತ ಒಂದಿದೆ. 600 ಪಾಠ ಭಾಷೆಗೆ, 100 ಪಾಠ ಈ ದೇಶದ ಕಾನೂನು, ಚರಿತ್ರೆ, ಸಮಾಜಕ್ಕೆ. ಒಂದು ಪಾಠ ಅಂದರೆ 45 ನಿಮಿಷ. ಈಕೆ ಸೇರಿದಾಗ ಪಾಠಕ್ಕೆ 2.29 ಯೂರೋ ಕೊಡಬೇಕಿತ್ತು. ಒಟ್ಟು 1,603 ಯೂರೋ, ಆಗಿನ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೂವರೆ ಲಕ್ಷ ರೂಪಾಯಿ. ಗಂಡ ಹಿಂದೆಮುಂದೆ ನೋಡಿದ. ಫೋನಿನಲ್ಲಿ ಬಿಟ್ಟಿ ಆ್ಯಪ್ ಇದೆಯಲ್ಲ ಅಂದ. ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡಿದೆ. ಆ್ಯಪ್‌ಗೆ ನೀವು ಮಂಗಳವಾರ ಬರಲಿಲ್ಲ ಅಂತ ಗೊತ್ತಾಗುವುದಿಲ್ಲ. ಕ್ಲಾಸಿನಲ್ಲಿ ಹಾಜರಿ ಇರುತ್ತದೆ.

ಒಂದು ಹಳೆಯ ಉದಾಹರಣೆಯನ್ನೂ ಕೊಟ್ಟೆ. ಇದೇ ಸ್ಟುಟ್‌ಗಾರ್ಟ್ ಸೀಮೆಯ ಪಾದ್ರಿ ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಮಂಗಳೂರಿಗೆ ಹೋದರು. ಏಳು ವರ್ಷಕ್ಕೆ, 1843ರಲ್ಲಿ, ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಹೊರಡಿಸಿದರು. ಅವರು ತೀರಿಕೊಂಡದ್ದು ಇಲ್ಲೇ ಪಕ್ಕದ ಎಸ್ಲಿಂಗೆನ್‌ನಲ್ಲಿ. ನಾವು ಅವರ ಶ್ರದ್ಧೆಯನ್ನು ಹೊಗಳುತ್ತೇವೆ, ಸರಿಯೇ. ಆದರೆ ಅವರಿಗೆ ಭಾಷೆ ಕಲಿಯುವುದು ಕೆಲಸದ ಭಾಗವಾಗಿತ್ತು, ಖರ್ಚು ನೋಡಿಕೊಳ್ಳಲು ಬಾಸೆಲ್ ಮಿಷನ್ ಇತ್ತು. ಕುಕ್ಕರ್ ಇಟ್ಟು, ಮಗುವನ್ನು ಬಿಟ್ಟು, ಬಟ್ಟೆ ಒಗೆದು, ಉಳಿದ ಹೊತ್ತಿನಲ್ಲಿ ಫೋನ್ ನೋಡಿ ಕಲಿ ಅಂತ ಅವರಿಗೆ ಯಾರೂ ಹೇಳಲಿಲ್ಲ. ಗಂಡ ದುಡ್ಡು ಕಟ್ಟಿದ.

2024ರ ಜನವರಿಯಲ್ಲಿ ಕ್ಲಾಸ್ ಶುರುವಾಯಿತು. ಉಕ್ರೇನ್, ಸಿರಿಯಾ, ಟರ್ಕಿ, ಬ್ರೆಜಿಲ್‌ನವರು. ಇಂಗ್ಲಿಷ್ ಬರುವವರು ಇಬ್ಬರೋ ಮೂವರೋ. ಇದೇ ಆಕೆಗೆ ಅನುಕೂಲವಾಯಿತು. ಪಕ್ಕದಲ್ಲಿ ಕೂರುವ ಉಕ್ರೇನ್ ಹೆಂಗಸಿನ ಜೊತೆ ಮಾತಾಡಲು ಇಬ್ಬರಿಗೂ ಇದ್ದದ್ದು ಹರಕುಮುರುಕು ಜರ್ಮನ್ ಒಂದೇ. ಗಂಡನ ಆಫೀಸ್ ಪೂರ್ತಿ ಇಂಗ್ಲಿಷ್‌ನಲ್ಲಿ ನಡೆಯುತ್ತದೆ. ಅವನು ಬಂದು ಒಂದು ವರ್ಷವಾಗುವ ಹೊತ್ತಿಗೆ ಬ್ರೆಡ್ ಅಂಗಡಿಯಲ್ಲಿ ಬೆರಳು ತೋರಿಸಿಯೇ ಕೊಳ್ಳುತ್ತಿದ್ದ. ಅಂದಹಾಗೆ ಇಲ್ಲಿಯ ಬ್ರೆಟ್ಸೆಲ್ ಅನ್ನುವ ಗಂಟಿನಾಕಾರದ ಬ್ರೆಡ್ಡಿನ ಹಿಟ್ಟಿಗೆ ಕೆಲವು ಕಡೆ ಹಂದಿಯ ಕೊಬ್ಬು ಹಾಕುತ್ತಾರೆ. ಸಸ್ಯಾಹಾರಿಗಳು ಕೇಳಿ ತೆಗೆದುಕೊಳ್ಳಬೇಕು. ಇವನು ವರ್ಷವಿಡೀ ತಿಂದಿದ್ದ. ಕೇಳಿದವಳು ಹೆಂಡತಿ.

ಇಷ್ಟಾದರೂ ಬೀದಿಗೆ ಇಳಿದರೆ ಮೊದಮೊದಲು ಏನೂ ಅರ್ಥವಾಗುತ್ತಿರಲಿಲ್ಲ. ಇಲ್ಲಿಯವರದು ಶ್ವಾಬಿಷ್ ಮಾತು. ಪುಸ್ತಕದ ಕನ್ನಡ ಕಲಿತು ಧಾರವಾಡದ ಸಂತೆಗೆ ಹೋದ ಹಾಗೆ.

ಅಜ್ಜಿಯ ಚೀಟಿಗಳು

ಕೆಳಮನೆಯ ಅಜ್ಜಿ ಬಾಗಿಲು ತಟ್ಟುವವರಲ್ಲ. ಚೀಟಿ ಅಂಟಿಸುವವರು. ಮೊದಲ ಚೀಟಿ ಮಿಕ್ಸಿಯದು. ಭಾನುವಾರ ಬೆಳಿಗ್ಗೆ ದೋಸೆಹಿಟ್ಟು ರುಬ್ಬಿದ್ದರು. ಇಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ, ಭಾನುವಾರವಾದರೆ ಇಡೀ ದಿನ ಸದ್ದು ಮಾಡುವಂತಿಲ್ಲ. ಅಂಗಡಿಗಳೂ ಭಾನುವಾರ ಮುಚ್ಚಿರುತ್ತವೆ. ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕುವಂತೆಯೂ ಇಲ್ಲ, ಒಡೆಯುವ ಶಬ್ದ ಬರುತ್ತದಲ್ಲ. ಎರಡನೇ ಚೀಟಿ ಆ ಬಾಟಲಿಗಳದೇ.

ಮೂರನೆಯದು ಕೇರ್‌ವೋಖೆಯದು. ಸ್ಟುಟ್‌ಗಾರ್ಟ್ ಕಡೆಯ ಹಳೆಯ ಪದ್ಧತಿ ಇದು. ಕಟ್ಟಡದ ಮೆಟ್ಟಿಲು, ಮುಂದಿನ ಕಾಲುದಾರಿ ಗುಡಿಸುವ ಕೆಲಸ ವಾರಕ್ಕೊಂದು ಮನೆಯ ಸರದಿ. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಫಲಕ ತೂಗುಹಾಕುತ್ತಾರೆ. ಬಾಗಿಲಿಗೆ ಫಲಕ ಬಂದಾಗ ಗಂಡ ಅದನ್ನು ಜಾಹೀರಾತು ಅಂದುಕೊಂಡು ಬದಿಗಿಟ್ಟಿದ್ದ. ಚೀಟಿ ಬಂದಮೇಲೆ ವಿಷಯ ತಿಳಿಯಿತು. ಆಕೆಗೆ ನಗು ಬಂತು. ಬಾಗಿಲು ಗುಡಿಸುವುದನ್ನು ನನಗೆ ಹೇಳಿಕೊಡಬೇಕಾ? ಶನಿವಾರ ಗುಡಿಸಿ ಒರೆಸಿದಳು. ಸೋಮವಾರ ನಾಲ್ಕನೇ ಚೀಟಿ: ಮೆಟ್ಟಿಲ ಪಕ್ಕದ ಕಂಬಿಯನ್ನೂ ಒರೆಸಬೇಕು.

ನವೆಂಬರ್‌ನಲ್ಲಿ ಜಗಳವೇ ಆಗುವುದರಲ್ಲಿತ್ತು. ಆ ವರ್ಷ 11ಕ್ಕೆ ಸೇಂಟ್ ಮಾರ್ಟಿನ್ ದಿನ, ಮಕ್ಕಳು ಕಾಗದದ ಲಾಟೀನು ಹಿಡಿದು ಕತ್ತಲಲ್ಲಿ ಹಾಡುತ್ತಾ ಹೋಗುವುದು. 12ಕ್ಕೆ ನರಕ ಚತುರ್ದಶಿ. ಮಗಳಿಗೆ ಎರಡೂ ಒಂದೇ ಹಬ್ಬ ಅನ್ನಿಸಿತು. ಆಕೆ ಉತ್ಸಾಹದಿಂದ ಬಾಗಿಲ ಮುಂದೆ ಚಾಕ್‌ಪೀಸಿನಲ್ಲಿ ರಂಗೋಲಿ ಹಾಕಿದಳು. ಮಧ್ಯಾಹ್ನಕ್ಕೆ ಅದು ಮಾಯ. ಅದರ ಜಾಗದಲ್ಲಿ ಚೀಟಿ: ಮೆಟ್ಟಿಲ ಮೇಲೆ ಗೀಚಬೇಡಿ, ಇದು ನನ್ನ ವಾರ. ಆಕೆ ಅತ್ತಳು. ಗಂಡ ಮಾಲೀಕರಿಗೆ ದೂರು ಕೊಡುತ್ತೇನೆ ಅಂತ ಎದ್ದ. ಆಕೆಯೇ ಬೇಡ ಅಂದಳು.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಆ ಚೀಟಿಗಳನ್ನು ಆಕೆ ಎಸೆಯಲಿಲ್ಲ. ಕ್ಲಾಸ್ ಶುರುವಾದಮೇಲೆ ಅವುಗಳನ್ನು ತೆಗೆದುಕೊಂಡು ಹೋಗಿ ಟೀಚರ್‌ಗೆ ತೋರಿಸಿದಳು. ಇದು ಬೈಗುಳವಾ, ಬೇಡಿಕೆಯಾ ಅಂತ ಕೇಳಿದಳು. ಟೀಚರ್ ನಕ್ಕು, ಇವು ಸಾಕಷ್ಟು ಮರ್ಯಾದೆಯ ಮಾತುಗಳೇ ಅಂದರು. ಅಲ್ಲಿಂದ ಆಕೆಯೂ ಚೀಟಿಯಲ್ಲೇ ಉತ್ತರ ಕೊಡಲು ಶುರುಮಾಡಿದಳು. ಒಮ್ಮೆ ತನ್ನ ಚೀಟಿ ಕೆಂಪು ಪೆನ್ನಿನ ತಿದ್ದುಪಡಿಯೊಂದಿಗೆ ವಾಪಸ್ ಬಂತು. ಇದು ಅವಮಾನ ಅಂತ ಗಂಡ ಸಿಟ್ಟಾದ. ಆಕೆಗೆ ಸಂತೋಷ! ಕೆಂಪು ಪೆನ್ನು ಅವಳಿಗೆ ಪರಿಚಯದ ವಸ್ತು.

ಗೋಡೆಯ ಬೂಷ್ಟು ಗೊತ್ತಾದದ್ದೂ ಅಜ್ಜಿಯಿಂದಲೇ. ಆ ಚಳಿಗಾಲದಲ್ಲಿ ಮಲಗುವ ಕೋಣೆಯ ಮೂಲೆ ಕಪ್ಪಾಗಿತ್ತು. ಚಳಿಗೆ ಹೆದರಿ ಕಿಟಕಿ ತೆರೆಯುತ್ತಿರಲಿಲ್ಲ. ಒಳಗೆ ಕುಕ್ಕರ್ ಆವಿ, ಒಣಹಾಕಿದ ಬಟ್ಟೆ, ಬಿಸಿನೀರಿನ ಸ್ನಾನ. ನಮ್ಮ ಊರಿನ ಮನೆಗಳಲ್ಲಿ ಗಾಳಿ ಎಲ್ಲಿಂದಲೋ ಆಡುತ್ತಿರುತ್ತದೆ. ಇಲ್ಲಿಯ ಕಿಟಕಿ ಮುಚ್ಚಿದರೆ ಡಬ್ಬಿಯ ಮುಚ್ಚಳ ಹಾಕಿದಂತೆಯೇ ಸರಿ, ಆವಿ ತಣ್ಣನೆಯ ಮೂಲೆಗೆ ಹೋಗಿ ನೀರಾಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಕಿಟಕಿ ಪೂರ್ತಿ ತೆರೆದು ಐದು ಹತ್ತು ನಿಮಿಷ ಬಿಡಬೇಕು, ಹೀಟರ್ ಆರಿಸಿ. ಓರೆ ಮಾಡಿ ಇಡೀ ದಿನ ಬಿಟ್ಟರೆ ಗೋಡೆ ತಣ್ಣಗಾಗಿ ಇನ್ನೂ ಹಾಳು. ತೇವ ಅಳೆಯುವ ಒಂದು ಪುಟ್ಟ ಮೀಟರ್ ತಂದು 60 ಪರ್ಸೆಂಟ್ ದಾಟದಂತೆ ನೋಡಿಕೊಂಡರು. ಬೂಷ್ಟು ತೆಗೆಸುವ ಖರ್ಚು ಯಾರದು ಅಂತ ಮಾಲೀಕರ ಜೊತೆ ನಡೆದ ವಾದ ಬೇಸರದ್ದು, ಬಿಟ್ಟುಬಿಡುತ್ತೇನೆ. ಅರ್ಧರ್ಧ ಆಯಿತು.

ಮರುವರ್ಷದ ದೀಪಾವಳಿಗೆ ಆಕೆ ಮೊದಲೇ ಚೀಟಿ ಬರೆದು ಕೇಳಿದಳು, ಚಾಕ್‌ಪೀಸಿನಲ್ಲಿ ಹಬ್ಬದ ಚಿತ್ರ ಬರೆಯಬಹುದೇ ಅಂತ. ಒಂದೇ ಸಾಲಿನ ಉತ್ತರ ಬಂತು: ನಿಮ್ಮ ವಾರದಲ್ಲಿ ಬರೆಯಬಹುದು.

ಈಗಿನ ಸ್ಥಿತಿ

2024ರ ಕೊನೆಗೆ ಆಕೆ ಜರ್ಮನ್‌ನ ಮಧ್ಯಮ ಹಂತವಾದ ಬಿ1 ಪಾಸಾದಳು. ಕೊನೆಯ 100 ಪಾಠಗಳ ಪರೀಕ್ಷೆಯಲ್ಲಿ 33 ಪ್ರಶ್ನೆ ಇರುತ್ತವೆ, 15 ಸರಿಯಾದರೆ ಸಾಕು. ಆಕೆ 33ಕ್ಕೆ ಓದಿದಳು. ಕ್ಲಾಸಿನ ಟರ್ಕಿಯ ಗೆಳತಿಯೊಬ್ಬಳ ಸಂಬಂಧಿಕರದು ದಿನಸಿ ಅಂಗಡಿ. 2025ರ ಆರಂಭದಿಂದ ಅಲ್ಲಿ ಬಿಲ್ಲು ಮತ್ತು ದಾಸ್ತಾನಿನ ಲೆಕ್ಕ ನೋಡಿಕೊಳ್ಳುತ್ತಾಳೆ. ಮಿನಿಜಾಬ್, ಅಂದರೆ ಸಂಬಳಕ್ಕೆ ಮಿತಿಯಿರುವ ಸಣ್ಣ ಕೆಲಸ, ಆ ವರ್ಷದ ಮಿತಿ ತಿಂಗಳಿಗೆ 556 ಯೂರೋ. ತುಮಕೂರಿನ ಸಂಬಳದ ಮುಂದೆ, ಇಲ್ಲಿಯ ಖರ್ಚಿನ ಲೆಕ್ಕದಲ್ಲಿ, ಇದು ದೊಡ್ಡದಲ್ಲ. ಎಂಕಾಂ ಮಾಡಿದವಳು ಕೊತ್ತಂಬರಿ ಕಟ್ಟು ಎಣಿಸುತ್ತಿದ್ದಾಳೆ ಅಂತ ಊರಲ್ಲಿ ಮಾತಾಡಿದರು. ಆಕೆಗೂ ಅದು ಚುಚ್ಚುತ್ತದೆ. ಮುಂದಿನ ಹಂತದ ಬಿ2 ಮುಗಿಸಿ ಯಾವುದಾದರೂ ತೆರಿಗೆ ಸಲಹೆಗಾರರ ಆಫೀಸಿಗೆ ಸೇರುವ ಆಸೆಯಿದೆ. ಆಗುತ್ತದೋ ಇಲ್ಲವೋ ನೋಡಬೇಕು. ಅಂಗಡಿಯಲ್ಲಿ ಮಾತ್ರ ಮಂಗಳವಾರ ಒಂಬತ್ತಕ್ಕೆ ಬರದಿದ್ದರೆ ಫೋನ್ ಬರುತ್ತದೆ.

ಎಲ್ಲವೂ ಸರಿಹೋಯಿತು ಅಂತಲ್ಲ. ಮಗಳು 2025ರ ಸೆಪ್ಟೆಂಬರ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿದಳು. ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾಳೆ. ತುಮಕೂರಿನ ಅಜ್ಜಿಗೆ ವೀಡಿಯೊ ಕಾಲ್‌ನಲ್ಲಿ ಅರ್ಧ ಅರ್ಥವಾಗುವುದಿಲ್ಲ. ಇದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಶನಿವಾರದ ಕನ್ನಡ ಕ್ಲಾಸಿಗೆ ಕಳಿಸುತ್ತಿದ್ದಾರೆ, ನೋಡೋಣ.

ಇನ್ನು ಗಂಡ. ಬ್ಲೂ ಕಾರ್ಡ್ ಇರುವವರು ಬಿ1 ಇದ್ದರೆ 21 ತಿಂಗಳಿಗೆ, ಎ1 ಇದ್ದರೆ 27 ತಿಂಗಳಿಗೆ ಖಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಅವನ 27 ತಿಂಗಳು 2025ರ ಜೂನ್‌ನಲ್ಲೇ ಮುಗಿದವು. ಎ1 ಸರ್ಟಿಫಿಕೇಟ್ ಮಾತ್ರ ಇಲ್ಲ. ಎರಡು ಸಲ ಪರೀಕ್ಷೆಗೆ ಹೆಸರು ಕೊಟ್ಟು ಆಫೀಸ್ ಕೆಲಸ ಅಂತ ತಪ್ಪಿಸಿಕೊಂಡಿದ್ದಾನೆ. ಮುಂದಿನ ಪರೀಕ್ಷೆಗೆ ಆಕೆಯೇ ದುಡ್ಡು ಕಟ್ಟಿದ್ದಾಳೆ, ತನ್ನ ಸಂಬಳದಿಂದ. ರಾತ್ರಿ ಊಟವಾದಮೇಲೆ ಅವನಿಂದ ದಿನಕ್ಕೊಂದು ಪುಟ ಬರೆಸಿ, ಕೆಂಪು ಪೆನ್ನಿನಲ್ಲಿ ತಿದ್ದುತ್ತಾಳೆ. ತಪ್ಪು ಜಾಸ್ತಿಯಾದರೆ ಇನ್ನೊಂದು ಪುಟ.